ಗಾಳಿಗೆ ದಾರಿ ಬಿಡುವ ಕತ್ತರಿ

ಬೇಸಿಗೆಯ ಉಡುಪಿನ ಮಾತು ಬಂದರೆ ನಮ್ಮ ಗಮನವೆಲ್ಲ ಬಟ್ಟೆಯ ಮೇಲೆ. ಹತ್ತಿಯೋ ಪಾಲಿಯೆಸ್ಟರೋ, ಖಾದಿಯೋ ಲಿನೆನ್ನೋ, ತೆಳುವೋ ದಪ್ಪವೋ ಎಂದು ಅಂಗಡಿಯಲ್ಲಿ ಬೆರಳಿನಿಂದ ಉಜ್ಜಿ ಉಜ್ಜಿ ನೋಡುತ್ತೇವೆ. ದರ್ಜಿಯ ಮುಂದೆ ನಿಂತಾಗ ಮಾತ್ರ ‘ಫಿಟ್ಟಿಂಗ್ ಚೆನ್ನಾಗಿರಲಿ’ ಎಂದಷ್ಟೇ ಹೇಳಿ ಬರುತ್ತೇವೆ. ಆದರೆ ಸೆಕೆಯಲ್ಲಿ ಮೈಗೆ ಹಿತವಾಗುವುದು ಬಟ್ಟೆಯಷ್ಟೇ, ಎಷ್ಟೋ ಸಲ ಅದಕ್ಕಿಂತ ಹೆಚ್ಚಾಗಿ, ಕತ್ತರಿ ಹಿಡಿದ ಕೈಯನ್ನು ಅವಲಂಬಿಸಿದೆ. ಉಡುಪಿನೊಳಕ್ಕೆ ಗಾಳಿ ಎಲ್ಲಿಂದ ಬರಬೇಕು, ಎಲ್ಲಿ ಸುಳಿದಾಡಬೇಕು, ಎಲ್ಲಿಂದ ಹೊರಹೋಗಬೇಕು ಎಂದು ಯೋಚಿಸಿ ಹೊಲಿಯುವುದು ಒಂದು ವಿದ್ಯೆ. ಆ ವಿದ್ಯೆ ನಮ್ಮಲ್ಲಿ ಹೊಸದೇನಲ್ಲ. ಅದನ್ನು ನಾವು ಮರೆಯುತ್ತಿದ್ದೇವೆ ಎಂಬುದೇ ಕಳವಳದ ಸಂಗತಿ.

ಸುಮ್ಮನೆ ಕುಳಿತಿರುವ ವಯಸ್ಕರ ಮೈ ಸುಮಾರು 100 ವ್ಯಾಟ್‌ನಷ್ಟು ಶಾಖವನ್ನು ಹೊರಹಾಕುತ್ತಿರುತ್ತದೆ. ಸುತ್ತಲ ಗಾಳಿ ತಂಪಾಗಿದ್ದರೆ ಅದರಲ್ಲಿ ಹೆಚ್ಚಿನ ಪಾಲು ತಾನಾಗಿಯೇ ಕಳೆದುಹೋಗುತ್ತದೆ. ಗಾಳಿಯ ಉಷ್ಣಾಂಶ ಚರ್ಮದಷ್ಟೇ, ಅಂದರೆ 35 ಡಿಗ್ರಿಯ ಆಸುಪಾಸಿಗೆ, ಏರಿತೆಂದರೆ ಉಳಿಯುವ ದಾರಿ ಬೆವರು ಆರುವುದೊಂದೇ. ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು 2,400 ಜೂಲ್ ಶಾಖವನ್ನು ಕೊಂಡೊಯ್ಯುತ್ತದೆ. ಹೀಗೆ ಲೆಕ್ಕ ಹಾಕಿದರೆ, ಏನೂ ಕೆಲಸ ಮಾಡದೆ ಕುಳಿತವರಿಗೂ ಗಂಟೆಗೆ 150 ಗ್ರಾಂ ಬೆವರು ಮೈಮೇಲೆಯೇ ಆರಬೇಕು. ತೊಟ್ಟಿಕ್ಕಿ ಹೋದ ಬೆವರು ಲೆಕ್ಕಕ್ಕಿಲ್ಲ. ಮೈಗಂಟಿದ ಅಂಗಿಯೊಳಗೆ ಸಿಕ್ಕಿಕೊಂಡ ಗಾಳಿ ಬಹುಬೇಗ ತೇವದಿಂದ ತುಂಬಿಹೋಗುತ್ತದೆ. ಆಮೇಲೆ ಬೆವರು ಸುರಿಯುತ್ತಲೇ ಇರುತ್ತದೆ, ಆರುವುದಿಲ್ಲ. ಮೊದಲೇ ತೇವ ತುಂಬಿದ ಕರಾವಳಿಯ ಗಾಳಿಯಲ್ಲಂತೂ ಒಳಗಿನ ಗಾಳಿ ಕ್ಷಣಕ್ಷಣವೂ ಬದಲಾಗದಿದ್ದರೆ ಅಂಗಿಯೇ ಶಿಕ್ಷೆಯಾಗುತ್ತದೆ.

ಹಳೆಯ ಮಾದರಿಯ ಜುಬ್ಬಾವನ್ನು ಬಿಚ್ಚಿ ಹರವಿ ನೋಡಿದರೆ ಇದಕ್ಕೆಲ್ಲ ಉತ್ತರ ಸಿಗುತ್ತದೆ. ಎದೆ ಬೆನ್ನಿಗೆ ನೇರವಾದ ಪಟ್ಟಿ, ತೋಳಿಗೆ ನೇರವಾದ ತುಂಡು. ಎರಡೂ ಪಕ್ಕಗಳಲ್ಲಿ ಮೇಲೆ ಕಿರಿದಾಗಿ ಕೆಳಗೆ ಅಗಲವಾಗುವ ಕಳಿ. ತೋಳು, ಪಕ್ಕ ಎರಡೂ ಸೇರುವ ಕಂಕುಳಲ್ಲಿ ಓರೆಯಾಗಿ ಕೂರಿಸಿದ ಒಂದು ಚಿಕ್ಕ ಚೌಕ. ಅಗಲ ಕಡಿಮೆಯಿರುವ ಕೈಮಗ್ಗದ ಬಟ್ಟೆ ಸ್ವಲ್ಪವೂ ಪೋಲಾಗದಂತೆ ಹುಟ್ಟಿದ ಕಟಿಂಗ್ ಇದು, ಆದರೆ ಗಾಳಿಗೂ ಇದೇ ಹೇಳಿ ಮಾಡಿಸಿದ್ದು. ಕೈ ಮೇಲೆತ್ತಿದಾಗ ಆ ಚೌಕ ತೆರೆದುಕೊಳ್ಳುತ್ತದೆಯಾದ್ದರಿಂದ ಅಂಗಿ ಮೈಯನ್ನು ಜಗ್ಗುವುದಿಲ್ಲ, ಹೆಚ್ಚು ಬೆವರುವ ಕಂಕುಳಿಗೆ ಬಟ್ಟೆ ಒತ್ತಿಕೊಳ್ಳುವುದಿಲ್ಲ. ಕಳಿಯಿಂದಾಗಿ ಸೊಂಟದ ಸುತ್ತ ಬಟ್ಟೆ ಮೈಯಿಂದ ದೂರ ನಿಲ್ಲುತ್ತದೆ, ಪಕ್ಕದ ಸೀಳುಗಳಿಂದ ಗಾಳಿ ಒಳಬರುತ್ತದೆ. ಮೈಯ ಬಿಸಿ, ತೇವ ತಾಗಿ ಹಗುರಾದ ಆ ಗಾಳಿ, ಹಳೆಯ ಅಡುಗೆಮನೆಯ ಹೊಗೆ ಬೆಳಕಿಂಡಿಯತ್ತ ಏರಿದ ಹಾಗೆ, ಕಾಲರಿಲ್ಲದ ಕೊರಳಿನಿಂದ ಹೊರಬೀಳುತ್ತದೆ. ನಡೆಯುವಾಗ ಪ್ರತಿ ಹೆಜ್ಜೆಗೂ ಬಟ್ಟೆ ಹತ್ತಿರ ಬಂದು ದೂರ ಸರಿದು ಗಾಳಿಯನ್ನು ತಾನೇ ಬದಲಿಸುತ್ತದೆ. ಹೆಗ್ಗೋಡಿನ ‘ಚರಕ’ದಂಥ ಸಂಸ್ಥೆಗಳು ಕೈಮಗ್ಗದ ಜುಬ್ಬಾವನ್ನು ಹೊಸ ತಲೆಮಾರಿಗೆ ತಲುಪಿಸಿವೆ. ಅದರ ಕಟಿಂಗಿನ ಜಾಣ್ಮೆಯೂ ಅಷ್ಟೇ ಅಕ್ಕರೆಯಿಂದ ಉಳಿಯಬೇಕು.

ಆಕಾರಕ್ಕೆ ಇಷ್ಟು ಶಕ್ತಿಯುಂಟೇ ಎಂದು ಕೇಳುವವರಿಗೆ ಮರುಭೂಮಿಯ ಒಂದು ಪ್ರಯೋಗ ಉತ್ತರ ಕೊಡುತ್ತದೆ. ಬಿಸಿಲನ್ನು ಹೀರುವ ಕಪ್ಪು ನಿಲುವಂಗಿಯನ್ನು ಬೆಡೂಯಿನ್ ಜನ ಯಾಕೆ ತೊಡುತ್ತಾರೆ ಎಂಬ ಪ್ರಶ್ನೆ ಹಿಡಿದು ನಡೆದ ಅಧ್ಯಯನ 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಪ್ಪು ನಿಲುವಂಗಿ ಬಿಳಿಯದಕ್ಕಿಂತ ಹೆಚ್ಚು ಶಾಖ ಹೀರಿತು, ನಿಜ. ಆದರೆ ಆ ಹೆಚ್ಚುವರಿ ಶಾಖ ಚರ್ಮ ಮುಟ್ಟುವ ಮೊದಲೇ ಕಳೆದುಹೋಯಿತು. ಒಳಗಿನ ಮೈಗೆ ಸೇರಿದ ಶಾಖ ಎರಡರಲ್ಲೂ ಒಂದೇ. ಸಡಿಲವಾದ ನಿಲುವಂಗಿಯೊಳಗಿನ ಗಾಳಿಯ ಓಡಾಟ ಬಣ್ಣದ ದೋಷವನ್ನೇ ತೊಡೆದುಹಾಕಿತ್ತು. ಜಪಾನಿನ ಕಟ್ಟಡ ಕಾರ್ಮಿಕರು ಸೊಂಟದ ಬಳಿ ಪುಟ್ಟ ಫ್ಯಾನುಗಳಿರುವ ಜಾಕೆಟ್ ತೊಡುತ್ತಾರೆ. ಗಾಳಿ ಕೆಳಗಿನಿಂದ ನುಗ್ಗಿ ಕೊರಳು, ತೋಳುಗಳಿಂದ ಹೊರಬರುತ್ತದೆ. ಜುಬ್ಬಾದ ತತ್ವಕ್ಕೇ ಅಲ್ಲಿ ಬ್ಯಾಟರಿ ಸೇರಿದೆ.

ಆಟಗಾರರು ತೊಡುವ ಪಾಲಿಯೆಸ್ಟರ್ ಜೆರ್ಸಿ ಮೈಗಂಟಿದ್ದರೂ ಹಿತವಾಗಿರುತ್ತದಲ್ಲ ಎಂಬ ಆಕ್ಷೇಪ ಸಹಜ. ಪಾಲಿಯೆಸ್ಟರ್ ಎಳೆ ನೀರನ್ನು ಹೆಚ್ಚು ಹೀರುವುದಿಲ್ಲ, ಬೇಗ ಆರುತ್ತದೆ ಎಂಬುದು ನಿಜ. ಆದರೆ ಒಳ್ಳೆಯ ಜೆರ್ಸಿಯನ್ನು ಬೆಳಕಿಗೆ ಹಿಡಿದು ನೋಡಿ, ಅದರ ತುಂಬ ಸಣ್ಣ ಸಣ್ಣ ತೂತುಗಳಿರುತ್ತವೆ. ಅದೇ ಎಳೆಯಲ್ಲಿ ಒತ್ತಾಗಿ ನೇಯ್ದ ಶರ್ಟು ಬಸ್ಸಿನ ನೂಕುನುಗ್ಗಲಲ್ಲಿ ಉಸಿರುಗಟ್ಟಿಸುತ್ತದೆ. ಇನ್ನು ಹತ್ತಿ ತೊಯ್ದರೆ ಅದರ ರಂಧ್ರಗಳಲ್ಲಿ ನೀರು ತುಂಬಿ ಮೈಗಂಟುತ್ತದೆ. ಆದ್ದರಿಂದಲೇ ಹತ್ತಿಯ ಉಡುಪಿಗೆ ಸಡಿಲವಾದ ಕಟಿಂಗ್ ಇನ್ನಷ್ಟು ಅಗತ್ಯ. ಕಲಬುರಗಿ, ರಾಯಚೂರಿನ 42 ಡಿಗ್ರಿಯ ಬಿಸಿಗಾಳಿಯನ್ನು ಅಂಗಿಯೊಳಗೆ ಕರೆದು ಏನು ಲಾಭ ಎಂಬ ಪ್ರಶ್ನೆಯಲ್ಲೂ ತಿರುಳಿದೆ. ಅಲ್ಲಿ ಮೈ ತೆರೆದಿಟ್ಟರೆ ಬಿಸಿಲು, ಗಾಳಿ ಎರಡೂ ಸುಡುತ್ತವೆ. ಅಲ್ಲಿನ ರೈತರು ಧೋತರ, ಸಡಿಲವಾದ ತುಂಬುತೋಳಿನ ಅಂಗಿ, ರುಮಾಲು ತೊಡುವುದು ಅದಕ್ಕೇ: ಬಿಸಿಲಿಗೆ ಮರೆ, ಬೆವರು ಆರಲು ಬೇಕಾದಷ್ಟು ಒಣಗಾಳಿ. ಯಂತ್ರದ ಮುಂದೆ, ಬೈಕಿನ ಮೇಲೆ ಸಡಿಲ ಬಟ್ಟೆ ಅಪಾಯ ಎಂಬುದನ್ನು ಮಾತ್ರ ಮರುಮಾತಿಲ್ಲದೆ ಒಪ್ಪಬೇಕು. ಅಂಥಲ್ಲಿ ತುದಿಗಳನ್ನು ಬಿಗಿಮಾಡಿ, ಬೆನ್ನಿನ ಮೇಲ್ಭಾಗದಲ್ಲಿ ಮಡಿಕೆಯ ಕೆಳಗೆ ಜಾಲರಿ, ಕಂಕುಳಲ್ಲಿ ಕಣ್ಣುತೂತು ಇಡಬಹುದು.

ಕೊನೆಯ ಆಕ್ಷೇಪ ಶಿಸ್ತಿನದು: ಸಡಿಲ ಉಡುಪಿಗೆ ಗಾಂಭೀರ್ಯವಿಲ್ಲ ಎನ್ನುವುದು. 2005ರಲ್ಲಿ ಜಪಾನ್ ಸರ್ಕಾರ ‘ಕೂಲ್ ಬಿಜ್’ ಹೆಸರಿನಲ್ಲಿ ಬೇಸಿಗೆಯ ಕಚೇರಿಗಳಿಂದ ಟೈ, ಕೋಟನ್ನು ಕಳಚಿಸಿ, ಎ.ಸಿ.ಯನ್ನು 28 ಡಿಗ್ರಿಗೆ ಇಡುವಂತೆ ಹೇಳಿತು. ಅಲ್ಲಿನ ಆಡಳಿತದ ಗೌರವವೇನೂ ಕುಂದಲಿಲ್ಲ. ಬಿಸಿಲಲ್ಲಿ ನಿಲ್ಲುವ ಸಂಚಾರ ಪೊಲೀಸರು, ಸೆಕ್ಯೂರಿಟಿ ಸಿಬ್ಬಂದಿ, ಪೌರಕಾರ್ಮಿಕರು, ಟೈ ಬಿಗಿದುಕೊಂಡು ತಗಡಿನ ಮಾಡಿನಡಿ ಕೂರುವ ಶಾಲಾ ಮಕ್ಕಳು ತಮ್ಮ ಉಡುಪನ್ನು ತಾವೇ ಆರಿಸಿಕೊಂಡವರಲ್ಲ. ಅವರ ಪರವಾಗಿ ಆರಿಸುವವರು ಬಣ್ಣ, ಬಟ್ಟೆ, ಲಾಂಛನಗಳ ಜೊತೆಗೆ ಕಂಕುಳ ಚೌಕ, ಪಕ್ಕದ ಸೀಳು, ಕೊರಳಿನ ಅಗಲವನ್ನೂ ಆದೇಶದಲ್ಲಿ ಬರೆಯಲಿ, ಬರೆಯುವ ಮುನ್ನ ಒಬ್ಬ ಅನುಭವಿ ದರ್ಜಿಯ ಮಾತು ಕೇಳಲಿ. ಇದಕ್ಕೆ ತಗಲುವ ಹೆಚ್ಚಿನ ಖರ್ಚು ಗೇಣುದ್ದ ಬಟ್ಟೆ, ನಾಲ್ಕು ಹೊಲಿಗೆ. ಬೇಸಿಗೆ ವರ್ಷದಿಂದ ವರ್ಷಕ್ಕೆ ಕಠಿಣವಾಗುತ್ತಿರುವ ನಾಡಿನಲ್ಲಿ ದುಡಿಯುವವರ ಆರೋಗ್ಯಕ್ಕೆ ಇಷ್ಟು ಅಗ್ಗದ ರಕ್ಷಣೆ ಬೇರೆ ಸಿಗುವುದು ಕಷ್ಟ.