ಬಣ್ಣವನ್ನು ಹಿಡಿದಿಟ್ಟ ಅಂಟು ಯಾವುದು?

ಹಬ್ಬಕ್ಕೆ ಮನೆಗೆ ಸುಣ್ಣ ಬಳಿಯುವಾಗ ಹಳೇ ದಾವಣಗೆರೆಯ ಹಿರಿಯರು ಮೊದಲು ಕೇಳುತ್ತಿದ್ದುದು, ‘ಗೋಂದು ಹಾಕಿದ್ಯೇನಪ್ಪಾ?’ ಎಂದು. ಗೋಂದು ಕಡಿಮೆಯಾದರೆ ಗೋಡೆಗೆ ಒರಗಿದವರ ಬೆನ್ನೆಲ್ಲ ಬಿಳಿ. ಬಣ್ಣ ಬರೀ ಪುಡಿ. ಅದನ್ನು ಗೋಡೆಗೆ ಕಚ್ಚಿಸುವುದು ಅಂಟು. ಪುರಾತನ ಭಿತ್ತಿಚಿತ್ರಗಳ ಮುಂದೆ ವಿಜ್ಞಾನಿಗಳು ಕೇಳುವುದೂ ಇದನ್ನೇ.

1224ರಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವ ತುಂಗಭದ್ರೆಯ ದಂಡೆಯ ಹರಿಹರದಲ್ಲಿ ಕಟ್ಟಿಸಿದ ಹರಿಹರೇಶ್ವರ ಗುಡಿಯ ಕೆತ್ತನೆಗೆ ಅಂಟಿನ ಹಂಗಿಲ್ಲ. ಅದೇ ತುಂಗಭದ್ರೆಯ ಕೆಳಗಿನ ದಂಡೆಯಲ್ಲಿರುವ ಹಂಪಿಯ ವಿರೂಪಾಕ್ಷ ಗುಡಿಯ ಚಾವಣಿ ಚಿತ್ರಗಳ ಪಾಡು ಬೇರೆ. ಗಾರೆ ಸಡಿಲಿದರೆ, ಅಂಟು ಸತ್ತರೆ, ಬಣ್ಣ ಉದುರುತ್ತದೆ.

ಅಂಟಿನ ಪಾಕವನ್ನು ಬರೆದಿಟ್ಟವನು ನಮ್ಮ ನೆಲದ ದೊರೆಯೇ. ದಾವಣಗೆರೆ ಸೀಮೆಯನ್ನು ಉಚ್ಚಂಗಿಯ ಪಾಂಡ್ಯರು ಆಳುತ್ತಿದ್ದ ಕಾಲ. ಅವರ ಒಡೆಯ ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರ. ಅವನ ‘ಮಾನಸೋಲ್ಲಾಸ’ದಲ್ಲಿ ವಜ್ರಲೇಪದ ವಿಧಾನವಿದೆ: ಎಮ್ಮೆಯ ಹಸಿ ಚರ್ಮವನ್ನು ಬೆಣ್ಣೆಯಂತಾಗುವ ತನಕ ನೀರಲ್ಲಿ ಬೇಯಿಸಿ, ಕಡ್ಡಿ ಮಾಡಿ ಒಣಗಿಸಬೇಕು. ಬೇಕೆಂದಾಗ ಬಿಸಿನೀರಲ್ಲಿ ಕರಗಿಸಿ ಬಣ್ಣಕ್ಕೆ ಬೆರೆಸಬೇಕು.

ಗ್ರಂಥದ ಮಾತನ್ನು ಗೋಡೆಯಲ್ಲಿ ಹುಡುಕುವ ಕೆಲಸ ನಮ್ಮಲ್ಲಿ ಚುರುಕಾದದ್ದು 1930ರ ದಶಕದಲ್ಲಿ. ಮದರಾಸು ಸರ್ಕಾರಿ ವಸ್ತುಸಂಗ್ರಹಾಲಯದ ರಸಾಯನಶಾಸ್ತ್ರಜ್ಞ ಎಸ್. ಪರಮಶಿವನ್ ಅಜಂತಾ, ತಂಜಾವೂರಿನ ಚೂರುಗಳನ್ನು ಪರೀಕ್ಷಿಸಿದರು. ತಂಜಾವೂರಿನದು ಹಸಿ ಸುಣ್ಣದ ಮೇಲೆ ಬಿಡಿಸಿದ ಚಿತ್ರ, ಅಜಂತಾದ್ದು ಒಣ ಗೋಡೆಯ ಮೇಲೆ ಅಂಟು ಬೆರೆಸಿ ಬರೆದದ್ದು ಎಂಬ ತೀರ್ಮಾನಕ್ಕೆ ಬಂದರು.

ಆಗ ದ್ರಾವಣ, ಬೆಂಕಿ, ಸೂಕ್ಷ್ಮದರ್ಶಕವೇ ಆಸರೆ. ಈಗ ಸಾಸಿವೆಗಿಂತ ಸಣ್ಣ ಚೂರು ಸಾಕು. ಅದರ ಪ್ರೋಟೀನನ್ನು ಅಮೈನೋ ಆಮ್ಲಗಳಾಗಿ ಒಡೆದು ಯಂತ್ರಕ್ಕೆ ಕೊಡುತ್ತಾರೆ. ಹೈಡ್ರಾಕ್ಸಿಪ್ರೋಲಿನ್ ಸಿಕ್ಕರೆ ಚರ್ಮ, ಮೂಳೆಯ ಅಂಟು. ಅದಿಲ್ಲದ ಪ್ರೋಟೀನಾದರೆ ಮೊಟ್ಟೆಯೋ ಹಾಲೋ ಇರಬಹುದು. ಸಕ್ಕರೆಯ ಅಂಶಗಳು ಮರದ ಗೋಂದನ್ನು, ಅಜೆಲಾಯಿಕ್ ಆಮ್ಲ ಒಣಗುವ ಎಣ್ಣೆಯನ್ನು ಸೂಚಿಸುತ್ತವೆ. ಎಣ್ಣೆಚಿತ್ರ ಯುರೋಪಿನ ಕೊಡುಗೆ ಎಂಬ ನಂಬಿಕೆ 2008ರಲ್ಲಿ ಅಲುಗಾಡಿದ್ದು ಇಂಥ ಪರೀಕ್ಷೆಯಿಂದಲೇ: ಅಫ್ಗಾನಿಸ್ತಾನದ ಬಾಮಿಯಾನ್ ಗುಹೆಗಳ 7ನೇ ಶತಮಾನದ ಚಿತ್ರಗಳಲ್ಲಿ ಎಣ್ಣೆ ಸಿಕ್ಕಿತು.

ಯಂತ್ರಕ್ಕೂ ಮೋಸವಾಗಬಹುದು. 1920–22ರಲ್ಲಿ ನಿಜಾಮ ಸರ್ಕಾರ ಕರೆಸಿದ ಇಟಲಿಯ ತಜ್ಞರು ಅಜಂತಾ ಚಿತ್ರಗಳಿಗೆ ಅರಗಿನ ವಾರ್ನಿಷ್ ಬಳಿದರು. ಅದು ಕಾಲಕ್ರಮೇಣ ಕಂದುಗಟ್ಟಿತು. ಮೂಲ ಕಲಾವಿದನ ಅಂಟು ಯಾವುದು, ರಿಪೇರಿಯವರದು ಯಾವುದು ಎಂದು ಪದರಪದರವಾಗಿ ಬಿಡಿಸಿಯೇ ಓದಬೇಕು.

ಇದು ಬರೀ ಪಾಂಡಿತ್ಯದ ಮಾತಲ್ಲ. ಚರ್ಮದಂಟು ನೀರಿಗೆ ಕರಗುತ್ತದೆ. ಹೊಗೆ ಒರೆಸಲು ಹೋದ ಒದ್ದೆ ಹತ್ತಿ ಚಿತ್ರವನ್ನೂ ಒರೆಸಿಬಿಡಬಲ್ಲದು. ಹಾಗಾಗಿ ಗುಡಿಯ ಚಿತ್ರ ತೊಳೆಸುವ ಉತ್ಸಾಹ ಬಂದಾಗ ಕಮಿಟಿಯವರು ಮೊದಲು ಕೇಳಬೇಕಾದದ್ದು ಖರ್ಚಿನ ಅಂದಾಜನ್ನಲ್ಲ, ಅಂಟಿನ ವರದಿಯನ್ನು.