ಮಾದರಿ ಎಂಜಿನುಗಳು: ಒಂದು ತುಲನೆ

ಆಟಿಕೆಯ ರೈಲೂ ಮಾದರಿ ರೈಲೂ ಒಂದೇ ಎಂದು ಅನೇಕರ ತಿಳಿವಳಿಕೆ. ಅದು ಸರಿಯಲ್ಲ. ಚನ್ನಪಟ್ಟಣದ ಕುಶಲಿಗಳು ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ ಮಾಡುವ ರೈಲು ಕೂಸುಗಳ ಕೈಗೆ ಒಪ್ಪುವ ಚೆಲುವಾದ ಆಟಿಕೆ. ಅದಕ್ಕೆ ಅಳತೆಯ ಹಂಗಿಲ್ಲ. ಮಾದರಿಯಾದರೋ ನಿಜವಾದ ಎಂಜಿನಿನ ಅಂಗಾಂಗಗಳನ್ನೆಲ್ಲ ಒಂದೇ ಪ್ರಮಾಣದಲ್ಲಿ ಕುಗ್ಗಿಸಿ ಮಾಡಿದ್ದು. ಆದ್ದರಿಂದ ಬೇರೆ ಬೇರೆ ಕಂಪನಿಗಳ ಮಾದರಿಗಳನ್ನು ತೂಗಿ ನೋಡುವಾಗ ಬಣ್ಣ, ಬೆಲೆಗಳಿಗಿಂತ ಮೊದಲು ಪ್ರಮಾಣವನ್ನು ನೋಡಬೇಕು.

ಇಂಗ್ಲೆಂಡಿನ ಹಾರ್ನ್‌ಬಿ, ಜರ್ಮನಿಯ ಮಾರ್ಕ್ಲಿನ್ ಇವೆರಡೂ ಜಗತ್ಪ್ರಸಿದ್ಧ ಹೆಸರುಗಳು. ಮಾರ್ಕ್ಲಿನ್ ಸಂಸ್ಥೆ ಹುಟ್ಟಿದ್ದು 1859ರಲ್ಲಿ. ಹಾರ್ನ್‌ಬಿ ರೈಲು ಮೊದಲು ಮಾರಾಟಕ್ಕೆ ಬಂದದ್ದು 1920ರಲ್ಲಿ. ಇಂದು ಇವೆರಡರ ಮುಖ್ಯ ಶ್ರೇಣಿಗಳಲ್ಲಿಯೂ ಹಳಿಗಳ ನಡುವಣ ಅಂತರ 16.5 ಮಿಲಿಮೀಟರ್. ಆದರೆ ಎಂಜಿನುಗಳ ಗಾತ್ರ ಒಂದೇ ಪ್ರಮಾಣದ್ದಲ್ಲ. ಆ ದೇಶಗಳ ನಿಜವಾದ ಹಳಿಗಳ ಅಂತರ 1435 ಮಿಲಿಮೀಟರ್. ಅದನ್ನು 87ರಿಂದ ಭಾಗಿಸಿದರೆ 16.5 ಬರುತ್ತದೆ, ಮಾರ್ಕ್ಲಿನ್ ಎಂಜಿನಿನ ಪ್ರಮಾಣವೂ ಇದೇ. ಹಾರ್ನ್‌ಬಿ ಎಂಜಿನಿನ ಪ್ರಮಾಣ ಸುಮಾರು 76ರಲ್ಲಿ ಒಂದು ಪಾಲು. ಆ ಲೆಕ್ಕದಂತೆ ಹಳಿಗಳ ಅಂತರ ಸುಮಾರು 18.8 ಮಿಲಿಮೀಟರ್ ಇರಬೇಕಿತ್ತು. ಬ್ರಿಟಿಷ್ ಎಂಜಿನುಗಳು ಗಾತ್ರದಲ್ಲಿ ಚಿಕ್ಕವು. ಅಂದಿನ ಮೋಟಾರು ಅವುಗಳ ಮಾದರಿಯಲ್ಲಿ ಹಿಡಿಯದೆ, ಹಳಿಯನ್ನು ಹಾಗೆಯೇ ಬಿಟ್ಟು ಒಡಲನ್ನು ಮಾತ್ರ ಹಿಗ್ಗಿಸಿದರು.

ವಿದ್ಯುತ್ತಿನ ವಿಷಯದಲ್ಲಿಯೂ ಭೇದವುಂಟು. ಹಾರ್ನ್‌ಬಿಯಲ್ಲಿ ವಿದ್ಯುತ್ತು ಒಂದು ಹಳಿಯಿಂದ ಬಂದು ಇನ್ನೊಂದರಿಂದ ಹಿಂದಿರುಗುತ್ತದೆ. ಮಾರ್ಕ್ಲಿನ್‌ನಲ್ಲಿ ಹಳಿಗಳ ನಡುವಣ ಸಣ್ಣ ಮೊಳೆಗಳಿಂದ ಬಂದು ಎರಡು ಹಳಿಗಳಿಂದಲೂ ಹಿಂದಿರುಗುತ್ತದೆ. ಆದ್ದರಿಂದ ಅಂತರ ಒಂದೇ ಆದರೂ ಒಂದರ ಎಂಜಿನು ಇನ್ನೊಂದರ ಹಳಿಯ ಮೇಲೆ ಓಡದು.

ಇನ್ನು ನಮ್ಮ ಕಡೆಗೆ ಬರೋಣ. ಬಾದಾಮಿ, ಬಾಗಲಕೋಟೆಗಳನ್ನು ಹಾಯುವ ಗದಗ-ಹೋಟಗಿ ಮಾರ್ಗ ಹಿಂದೆ ಮೀಟರ್‌ಗೇಜ್ ಆಗಿತ್ತು; ಈಗ 1676 ಮಿಲಿಮೀಟರಿನ ಬ್ರಾಡ್‌ಗೇಜ್. ಇದನ್ನು 87ರಿಂದ ಭಾಗಿಸಿದರೆ 19.3, ಅಂದರೆ 16.5ರ ಹಳಿ ನಮ್ಮ ಇಂದಿನ ಎಂಜಿನಿಗೆ ಇಕ್ಕಟ್ಟು. ಹಳೆಯ ಮೀಟರ್‌ಗೇಜಿಗೆ ಮಾತ್ರ ದಾರಿಯಿದೆ. 1000 ಮಿಲಿಮೀಟರನ್ನು 87ರಿಂದ ಭಾಗಿಸಿದರೆ 11.5. ಸ್ವಿಟ್ಜರ್ಲೆಂಡಿನ ಮೀಟರ್‌ಗೇಜ್ ಗಾಡಿಗಳ ಮಾದರಿಗಳನ್ನು ತಯಾರಿಸುವ ಜರ್ಮನಿಯ ಬೆಮೊ ಕಂಪನಿ 12 ಮಿಲಿಮೀಟರಿನ ಹಳಿಯನ್ನು ಬಳಸುತ್ತದೆ. ನಮ್ಮ ಎಂಜಿನಿನ ಮಾದರಿಗೂ ಅದು ಬಹುಮಟ್ಟಿಗೆ ಹೊಂದುತ್ತದೆ.

ಸ್ವಾತಂತ್ರ್ಯಾನಂತರ ದೇಶದ ಮೀಟರ್‌ಗೇಜ್ ಗಾಡಿಗಳನ್ನು ಎಳೆದ ವೈ.ಪಿ. ಎಂಜಿನನ್ನು ಅಮೆರಿಕ, ಸ್ಕಾಟ್ಲೆಂಡ್, ಜರ್ಮನಿಗಳ ಕಾರ್ಖಾನೆಗಳೂ ನಮ್ಮ ಜಮಶೇದಪುರದ ಟೆಲ್ಕೋ ಕಾರ್ಖಾನೆಯೂ ತಯಾರಿಸಿದವು. ತಯಾರಕರು ನಾಲ್ವರಾದರೂ ಎಂಜಿನಿನ ಜಾತಿ ಒಂದೇ. ನಮ್ಮ ಹಿರಿಯರು ಸೊಲ್ಲಾಪುರದ ಗಿರಣಿಗಳಿಗೆ ದುಡಿಯಲು ಹೋದದ್ದು ಮೀಟರ್‌ಗೇಜ್ ಗಾಡಿಯಲ್ಲಿಯೇ. ಅರಸರ, ಸೇನಾಪತಿಗಳ ಮೂರ್ತಿಗಳು ಊರೂರಲ್ಲಿವೆ; ಕೂಲಿಕಾರರನ್ನು ಹೊತ್ತ ಎಂಜಿನಿಗೆ ಅಂಗೈಯಗಲದ ಮಾದರಿಯಾದರೂ ಬೇಡವೇ? 1979ರಲ್ಲಿ ಸ್ಥಾಪಿತವಾದ ಮೈಸೂರಿನ ರೈಲು ಸಂಗ್ರಹಾಲಯದಲ್ಲಿ ಹಳೆಯ ಎಂಜಿನುಗಳು ನಿಂತಿವೆ. ಅನುಮತಿ ಪಡೆದು ಅವುಗಳ ಅಳತೆ ತೆಗೆದುಕೊಳ್ಳುವ ವಿದ್ಯಾರ್ಥಿಗಳು, ಆ ಅಳತೆಗೆ ತಕ್ಕಂತೆ ಕಡೆದುಕೊಡುವ ಕುಶಲಿಗಳು ಒಂದುಗೂಡಿದರೆ ಈ ಕೆಲಸ ನಮ್ಮಲ್ಲಿಯೇ ಆದೀತು. ಪರದೇಶದ ಕಂಪನಿಗಳು ತಮ್ಮ ನಾಡಿನ ಗಾಡಿಗಳನ್ನು ಉಳಿಸಿಕೊಂಡವು. ನಮ್ಮದನ್ನು ನಾವೇ ಉಳಿಸಿಕೊಳ್ಳಬೇಕು.