ಡಾರ್ಟ್ ತಗುಲಿದ ಮೇಲಿನ ವೈದ್ಯ

ಎಟಾರ್ಫಿನ್ ಮಾರ್ಫಿನ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು ತೀಕ್ಷ್ಣವಾದ ಮದ್ದು. ಎರಡು ಟನ್ ತೂಗುವ ಬಿಳಿ ಘೇಂಡಾಮೃಗವನ್ನು ಕೆಡವಲು ಅದರ ಕೆಲವೇ ಮಿಲಿಗ್ರಾಂ ಸಾಕು. ಅದೇ ಮದ್ದು ಕಣ್ಣಿಗೆ ಸಿಡಿದರೆ, ಕೈಯ ಗಾಯಕ್ಕೆ ತಗುಲಿದರೆ ಮನುಷ್ಯನ ಉಸಿರೇ ನಿಲ್ಲಬಹುದು. ಹಾಗಾಗಿ ಸೀಸೆ ತೆರೆಯುವ ಮುನ್ನವೇ ಪ್ರತಿಮದ್ದು ಪಕ್ಕದಲ್ಲಿರಬೇಕು, ಅದನ್ನು ಚುಚ್ಚಲು ಬಲ್ಲ ಇನ್ನೊಬ್ಬರೂ ಇರಬೇಕು.

1960ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಉಂಫೊಲೋಜಿ ಕಾಡಿನಿಂದ ಘೇಂಡಾಮೃಗಗಳನ್ನು ಹಿಡಿದು ಬೇರೆ ಕಾಡುಗಳಿಗೆ ಸಾಗಿಸುವ ಕೆಲಸಕ್ಕೆ ಬಲ ತಂದದ್ದು ಈ ಮದ್ದೇ. ಇಂದು ಹಲವು ದೇಶಗಳ ಪಶುವೈದ್ಯ ವಿದ್ಯಾರ್ಥಿಗಳು ವನ್ಯಜೀವಿ ಚಿಕಿತ್ಸೆಯನ್ನು ಕೈಯಾರೆ ಕಲಿಯಲು ಅದೇ ದೇಶಕ್ಕೆ ಹೋಗುತ್ತಾರೆ.

ಮದ್ದು ತುಂಬಿದ ಡಾರ್ಟ್ ಹೊಡೆಯುವುದೇ ದೊಡ್ಡ ವಿದ್ಯೆ ಎಂದು ನೋಡುವವರಿಗೆ ಅನ್ನಿಸುತ್ತದೆ. ನಿಜವಾದ ವೈದ್ಯ ಶುರುವಾಗುವುದು ಪ್ರಾಣಿ ಬಿದ್ದ ಮೇಲೆ. ಕಣ್ಣಿಗೆ ಬಟ್ಟೆ ಕಟ್ಟಬೇಕು, ಕಿವಿಗೆ ಬಟ್ಟೆ ತುರುಕಬೇಕು. ಮೂಗಿನ ಹೊಳ್ಳೆಯ ಮುಂದೆ ಅಂಗೈ ಹಿಡಿದು ಒಬ್ಬ ವಿದ್ಯಾರ್ಥಿ ಉಸಿರು ಎಣಿಸುತ್ತಿರಬೇಕು, ಏಕೆಂದರೆ ಎಟಾರ್ಫಿನ್ ಉಸಿರಾಟವನ್ನು ಕುಗ್ಗಿಸಿ ರಕ್ತದ ಆಮ್ಲಜನಕವನ್ನು ಇಳಿಸುತ್ತದೆ. ದೇಹದ ಭಾರವೇ ಕಾಲಿನ ಸ್ನಾಯುಗಳನ್ನು ಒತ್ತಿ ರಕ್ತಸಂಚಾರ ತಡೆಯುವುದರಿಂದ, ಹಲವರು ಸೇರಿ ಪ್ರಾಣಿಯ ಮಗ್ಗುಲು ಬದಲಿಸುತ್ತಾರೆ. ಮೈ ಬಿಸಿಯಾದರೆ ನೀರು ಸುರಿಯುತ್ತಾರೆ.

ಎಲ್ಲಕ್ಕಿಂತ ಭಯ ಹುಟ್ಟಿಸುವುದು ಅಟ್ಟಾಟದ ಫಲವಾಗಿ ಬರುವ ಸ್ನಾಯುನಾಶ. ಬೆದರಿ ಓಡಿದ ಜಿಂಕೆ, ಜೀಬ್ರಾಗಳ ಸ್ನಾಯುಗಳಲ್ಲಿ ಆಮ್ಲ ತುಂಬಿ, ಜೀವಕೋಶಗಳು ಒಡೆದು, ಅವುಗಳ ಕೆಂಪು ಪ್ರೋಟೀನ್ ಮೂತ್ರಪಿಂಡವನ್ನು ಕೆಡಿಸುತ್ತದೆ. ಎದ್ದು ಓಡಿಹೋದ ಪ್ರಾಣಿ ದಿನಗಳ ನಂತರ ಸಾಯಲೂಬಹುದು. ಇದಕ್ಕೆ ನಂಬಬಹುದಾದ ಚಿಕಿತ್ಸೆಯಿಲ್ಲ. ಅಟ್ಟುವ ಹೊತ್ತನ್ನು ಮೊಟಕುಗೊಳಿಸುವುದೊಂದೇ ದಾರಿ. ಅಟ್ಟುವುದನ್ನು ಎಲ್ಲಿಗೆ ಕೈಬಿಡಬೇಕೆಂಬ ವಿವೇಕ ಬಯಲಲ್ಲಿ ನಿಂತವರಿಗೆ ಮಾತ್ರ ಬರುತ್ತದೆ.

ಸಮುದ್ರದ ಪಾಠದಲ್ಲಿ ಆತುರವೇ ಶತ್ರು. 2000ದ ಜೂನ್‌ನಲ್ಲಿ ಕೇಪ್‌ಟೌನ್ ಬಳಿ 'ಟ್ರೆಷರ್' ಹಡಗು ಮುಳುಗಿ ಸುಮಾರು 19,000 ಆಫ್ರಿಕನ್ ಪೆಂಗ್ವಿನ್‌ಗಳ ಮೈಗೆ ಎಣ್ಣೆ ಮೆತ್ತಿತು. ಎಣ್ಣೆ ಹತ್ತಿದ ಗರಿ ಚಳಿ ತಡೆಯದು. ಕೊಕ್ಕಿನಿಂದ ಗರಿ ತೀಡಿಕೊಂಡಾಗ ವಿಷ ಹೊಟ್ಟೆ ಸೇರುತ್ತದೆ. ಆದರೂ ತಂದ ಕೂಡಲೇ ತೊಳೆಯುವಂತಿಲ್ಲ. ಮೊದಲು ಮೈ ಬೆಚ್ಚಗಾಗಬೇಕು, ನಳಿಕೆಯಲ್ಲಿ ದ್ರವಾಹಾರ ಹೋಗಬೇಕು, ಇಲ್ಲವಾದರೆ ತೊಳೆಯುವ ಗಾಬರಿಗೇ ಹಕ್ಕಿ ಸಾಯುತ್ತದೆ. ಆಗ ಎಣ್ಣೆ ತಗುಲದ ಇನ್ನೂ 19,500 ಹಕ್ಕಿಗಳನ್ನು ಪೋರ್ಟ್ ಎಲಿಜಬೆತ್‌ಗೆ ಒಯ್ದು ಕಡಲಿಗೆ ಬಿಟ್ಟರು. ಅವು ಈಜಿ ಮರಳುವಷ್ಟರಲ್ಲಿ ಎಣ್ಣೆ ತೆಗೆಯಲು ಕಾಲಾವಕಾಶ ಸಿಕ್ಕಿತು. ಇಷ್ಟು ಸೊಗಸಾದ ಚಿಕಿತ್ಸೆ ನನಗೆ ಬೇರೊಂದು ಗೊತ್ತಿಲ್ಲ.

ಭಾರತದಲ್ಲೇ ಅತಿ ಹೆಚ್ಚು ಆನೆಗಳಿರುವ ರಾಜ್ಯ ನಮ್ಮ ಕರ್ನಾಟಕ. ಡಾರ್ಟ್ ತಗುಲಿದ ಆನೆ ಎದೆಯೂರಿ ಕುಸಿದರೆ ತನ್ನ ಭಾರಕ್ಕೇ ಉಸಿರುಗಟ್ಟುತ್ತದೆ. ನಿಮಿಷಗಳಲ್ಲಿ ಅದನ್ನು ಮಗ್ಗುಲಿಗೆ ಹೊರಳಿಸಬೇಕು. ಕಾರವಾರದಿಂದ ಮಂಗಳೂರಿನವರೆಗಿನ ಕಡಲತೀರಕ್ಕೆ ಆಮೆಗಳೂ ಬರುತ್ತವೆ. ನಮ್ಮ ಪಶುವೈದ್ಯ ಕಾಲೇಜುಗಳ ಪ್ರತಿ ವಿದ್ಯಾರ್ಥಿಯನ್ನೂ, ಪದವಿ ಕೈಗೆ ಸಿಗುವ ಮುನ್ನ, ಆನೆ ಬಿಡಾರಕ್ಕೂ ಕಡಲ ದಂಡೆಗೂ ಅನುಭವಿ ವೈದ್ಯರ ಜೊತೆ ಕಳಿಸಿ.